ಬೆಣೆ

ಸಾಲಾಗಿ ತೂಗುಹಾಕಿದ ಕೊಡಲಿಗಳ ಮೇಲೆ ಬಿಸಿಲು, ಅಜ್ಜಂಪುರದ ಈ ರಸ್ತೆಯಲ್ಲಿ ಬೀರೂರು ಬಸ್ಸು ಹಾದಾಗಲೆಲ್ಲ ಅವು ಒಟ್ಟಿಗೆ ಸಣ್ಣಗೆ ನಡುಗುತ್ತವೆ, ನಡುಗದಿರುವುದು ನನ್ನ ಬಲಗೈ ಒಂದೇ, ತೊಡೆಯ ಮೇಲೆ ಬೇರೆ ಯಾರದೋ ಕೈಯ ಹಾಗೆ ಬಿದ್ದಿದೆ, ಸಂಗೀತಾ ಅದನ್ನೆತ್ತಿ ಸರಿಯಾಗಿ ಇಟ್ಟು ಹೋದಳು, ರೀ, ಇಲ್ಲೇ ಕೂತಿರ್ರಿ, ಒಂದ್ ಕೊಡ್ಲಿ ನೋಡ್ಕೊಂಡ್ ಬತ್ತೀನಿ — ನೋಡಲು ಅವಳಿಗೇನು ಗೊತ್ತು, ಮದುವೆಯಾದಾಗಿನಿಂದ ಹಂಡೆಯ ಒಲೆಗೆ ಸೌದೆ ಒಡೆದವನು ನಾನು, ಒಡೆದದ್ದನ್ನು ಆಯ್ದು ಒಳಗೆ ಒಯ್ದವಳು ಅವಳು, ಮನೆಯ ಕೊಡಲಿ ನನ್ನ ತೋಳಿನ ಅಳತೆಯದು, ಅವಳು ಎತ್ತಿದರೆ ಅದೇ ಅವಳನ್ನು ಎಳೆದುಕೊಂಡು ಹೋಗುತ್ತದೆ, ಗಾಳಿಗೆ ಉರುಳಿದ ಜಾಲಿಮರ ಹಿತ್ತಲಲ್ಲಿ ತುಂಡುತುಂಡಾಗಿ ಬಿದ್ದಿದೆ, ಮೆಷಿನ್ ತಂದವರು ಕೊಯ್ದು ಹೋದರು, ಸೀಳ್ಕೊಳೋದು ನಿಂದು ಕಣಪ್ಪಾ ಅಂದರು, ಆವತ್ತೇ ಅಲ್ಲವೇ ನಾನು ಬಚ್ಚಲ ಬಾಗಿಲಲ್ಲಿ ಕುಸಿದದ್ದು, ಬಾಯಿ ಒಂದು ಕಡೆಗೆ ಜಾರಿ, ಮಾತು ಅಲ್ಲೇ ಎಲ್ಲೋ ಒದ್ದೆ ನೆಲದ ಮೇಲೆ ಬಿದ್ದುಹೋಗಿ, ಶಿವಮೊಗ್ಗದ ಡಾಕ್ಟರು ನಿಧಾನಕ್ಕೆ ಬರಬಹುದು ಅಂದರು, ಬರಬಹುದು — ಅಂಗಡಿಯ ಮೃತ್ಯುಂಜಯ ತೆಳ್ಳಗಿನದೊಂದನ್ನು ಇಳಿಸಿ ಕೊಡುತ್ತಿದ್ದಾನೆ, ಇದ್ ತಗೋ ಅಕ್ಕ, ಹಗುರ ಐತೆ, ಹೆಂಗಸ್ರಿಗೆ ಹೇಳ್ ಮಾಡ್ಸಿದಂಗೈತೆ, ಬಾಯಿ ನೋಡು ಎಂಗೈತೆ — ಬೇಡ, ಸಂಗೀತಾ, ಅದು ಕೊಂಬೆ ಕಡಿಯುವ ಕೊಡಲಿ, ತೆಳುಬಾಯಿ, ಜಾಲಿಯ ಗಂಟಿಗೆ ಬಿದ್ದರೆ ಕಚ್ಚಿ ಕೂತುಬಿಡುತ್ತದೆ, ಇಲ್ಲವೇ ಜಾರಿ ಪಕ್ಕಕ್ಕೆ ಹಾರುತ್ತದೆ, ನಿನಗೆ ಕೊಡಲಿಯೇ ಬೇಡ, ಅಗೋ ಮೂಲೆಯ ಬುಟ್ಟಿಯಲ್ಲಿ ಕಬ್ಬಿಣದ ಬೆಣೆ ಇದೆ, ಬಿರುಕಿಗೆ ಅದನ್ನಿಟ್ಟು ಸುತ್ತಿಗೆಯಿಂದ ಹೊಡೆದರೆ ಸಾಕು, ತೋಳು ಬೀಸಬೇಕಿಲ್ಲ, ಕೂತುಕೊಂಡೇ, ನಿಧಾನಕ್ಕೆ, ಮರ ತಾನಾಗಿ ಬಿಟ್ಟುಕೊಡುತ್ತದೆ, ಬೆಣೆ, ಎರಡೇ ಅಕ್ಷರ, ತಲೆಯೊಳಗೆ ಎಷ್ಟು ಸ್ಪಷ್ಟ, ನಾಲಗೆಗೆ ಇಳಿಯುವಷ್ಟರಲ್ಲಿ ಬೆ, ಬೆ — ಏನ್ರೀ, ಬೆನ್ ನೋಯ್ತೈತಾ, ಓಡಿಬಂದು ಬೆನ್ನು ನೀವುತ್ತಾಳೆ, ಅಲ್ಲ, ಎಡಗೈ ಎತ್ತಿ ಮೂಲೆ ತೋರಿಸುತ್ತೇನೆ, ಬುಟ್ಟಿಯ ಪಕ್ಕದಲ್ಲೇ ನೀರಿನ ಕ್ಯಾನು, ಮೃತ್ಯುಂಜಯ ಲೋಟ ಹಿಡಿದು ಬರುತ್ತಾನೆ, ಕುಡಿ ಓಂಕಾರಣ್ಣ, ಅರ್ಧ ನೀರು ಅಂಗಿಯ ಮೇಲೆ, ಇನ್ನೊಮ್ಮೆ, ಉಸಿರೆಲ್ಲ ಒಟ್ಟುಮಾಡಿ, ಬೆ, ಬೆಣ್ಣೆ — ಅವಳ ಮುಖ ಅರಳಿಬಿಟ್ಟಿತು, ಅಯ್ಯೋ ಮಾತ್ ಬಂತು, ಕೇಳಿಸ್ಕೊಂಡ್ಯೇನಪ್ಪಾ, ಬೆಣ್ಣೆ ಅಂದ್ರು, ಕಣ್ಣಲ್ಲಿ ನೀರು, ನನ್ನ ಗದ್ದ ಹಿಡಿದು, ಕೊಡ್ತೀನಿ ಕಣ್ರೀ, ಮನೇಗ್ ಹೋಗಿದ್ದೇ ಮಜ್ಜಿಗೆ ಕಡೀತೀನಿ — ಇಷ್ಟು ಸಂತೋಷವನ್ನು ಯಾವ ಬಾಯಲ್ಲಿ ಅಲ್ಲ ಅನ್ನಲಿ, ತಲೆ ಆಡಿಸಿದೆ, ಅದು ಯಾವ ಕಡೆಗೆ ಆಡಿತೋ, ತೆಳ್ಳಗಿನ ಕೊಡಲಿಯನ್ನೇ ಚೀಲಕ್ಕೆ ಇಳಿಸಿಕೊಂಡಳು.

ಈಗ ಬೆಳಿಗ್ಗೆ, ರೊಟ್ಟಿಯ ಮೇಲೆ ಬೆಣ್ಣೆ, ತಾನೇ ಮುರಿದು ಬಾಯಿಗಿಟ್ಟಳು, ಹಿತ್ತಲಿಗೆ ಕುರ್ಚಿ ತಂದು ಕೂರಿಸಿದಳು, ನೋಡ್ತಿರ್ರಿ, ತಪ್ಪಿದ್ರೆ ಹೇಳ್ರಿ ಎಂದು ನಗುತ್ತ ಸೆರಗು ಸಿಕ್ಕಿಸಿದಳು, ಮೊದಲ ಏಟು ತೊಗಟೆಗೆ, ಆಮೇಲಿನದು ಗಂಟಿಗೇ, ಕಚ್ಚಿಕೊಂಡಿತು, ಅಲುಗಿಸಿದರೂ ಬಾರದು, ಬರಿಗಾಲನ್ನು ತುಂಡಿನ ಮೇಲೆ ಊರಿ ಎರಡೂ ಕೈಯಲ್ಲಿ ಎಳೆದಳು, ಬಂತು, ಮತ್ತೆ ಎತ್ತಿದಳು, ಕಾಲು ಮಾತ್ರ ತೆಗೆಯಲಿಲ್ಲ, ತುಂಡು ಉರುಳದಿರಲೆಂದು ಅಲ್ಲೇ ಇಟ್ಟಿದ್ದಾಳೆ, ಕಾಲು ತೆಗಿ — ಹೊಡೆದಳು, ಬೆರಳುಗಳಿಂದ ಗೇಣು ದೂರದಲ್ಲಿ ಬಿತ್ತು, ಚಕ್ಕೆ ಹಾರಿತು, ಎಳೆದಳು, ಎತ್ತಿದಳು, ಕಾಲು, ಸಂಗೀತಾ, ಕಾಲು, ಬಾಯಲ್ಲಿ ಆ ಅಕ್ಷರವೇ ಇಲ್ಲ, ಬಾಯಿಗೆ ಬರುವುದು ಒಂದೇ, ಬೆ, ಬೆ, ಬೆಣ್ಣೆ, ಕಿರುಚುತ್ತೇನೆ, ಕೊಡಲಿಯನ್ನು ತಲೆಯ ಮೇಲೆ ಹಿಡಿದೇ ಇತ್ತ ತಿರುಗಿ ನಗುತ್ತಾಳೆ, ಇರ್ರೀ, ಇದೊಂದ್ ಏಟು, ಆಮೇಲ್ ಕೊಡ್ತೀನಿ, ಕಣ್ಣಿನ್ನೂ ನನ್ನ ಮೇಲೇ, ಕೈ ಇಳಿಯತೊಡಗಿದೆ, ತುಂಡಿನ ಮೇಲೆ ಅವಳ ಕಾಲು, ಕಾಲುಂಗುರದ ಬೆರಳು, ಕಾಲು —