ಬಾತು ಇಂಜಿನ್ನಿನ ಶಿಳ್ಳೆ

ಮೇರಿಪೋರ್ಟಿನ ಪುಟಾಣಿ ರೈಲು ಸಂಘದವರಿಗೆ ದೇವರ ಮೇಲೆ ಎಷ್ಟು ನಂಬಿಕೆಯಿತ್ತೋ ಗೊತ್ತಿಲ್ಲ, ವಿಲ್ಫ್‌ಗೆ ತಗುಲಿದ ಶಾಪದ ಮೇಲಂತೂ ಗಟ್ಟಿ ನಂಬಿಕೆಯಿತ್ತು. ವಿಲ್ಫ್ ಹಿತ್ತಾಳೆಯ ತಗಡು ಕತ್ತರಿಸಿ, ಬೆಸುಗೆ ಹಾಕಿ, ಬಣ್ಣ ಬಳಿದು, ತಿಂಗಳುಗಟ್ಟಲೆ ಕಣ್ಣು ಸೋಲಿಸಿಕೊಂಡು ಅಂಗೈಯಗಲದ ಇಂಜಿನ್ ಕಟ್ಟುವನು. ಕೊನೆಯ ಕುಂಚ ತೊಳೆದಿಟ್ಟು ಉಸ್ಸೆನ್ನುವಷ್ಟರಲ್ಲಿ, ಎಲ್ಲೋ ದೂರದಲ್ಲಿ ಕೂತು ಇವನ ಮೇಜನ್ನೇ ಇಣುಕುತ್ತಿದ್ದರೇನೋ ಎಂಬಂತೆ, ಪುಟಾಣಿ ರೈಲು ಮಾಡುವ ಕಾರ್ಖಾನೆಯವರು ಅದೇ ಇಂಜಿನ್ನನ್ನು ಹೊರತರುವುದಾಗಿ ಸಾರುವರು. ಪೆಟ್ಟಿಗೆಯಿಂದ ತೆಗೆದು ಹಳಿಯ ಮೇಲಿಟ್ಟರೆ ಸಾಕು, ಓಡುತ್ತದೆ, ಬೆಸುಗೆಯಿಲ್ಲ, ಬೆವರಿಲ್ಲ. ಹೀಗೆ ಐದು ಸಲ ಆಯಿತು. ಐದನೆಯ ಸಲ ವಿಲ್ಫ್ ಬೆಸುಗೆಯ ಸಾಮಾನನ್ನೆಲ್ಲ ಅಟ್ಟಕ್ಕೆ ಹಾಕಿ, "ಇನ್ನು ಮೇಲೆ ಬೇಲಿಗಿಡ ಮಾತ್ರ ಮಾಡ್ತೀನಿ. ಅದರ ಹಿಂದೆ ಯಾವ ಕಾರ್ಖಾನೆಯೂ ಬರಲ್ಲ" ಎಂದುಬಿಟ್ಟ.

ಅದೇ ಸಂಘದ ಥೆಲ್ಮಾಗೆ ಬೇಕಾಗಿದ್ದದ್ದು ಒಂದೇ ಒಂದು ಇಂಜಿನ್. ಗಂಡ ತೀರಿಕೊಂಡ ಮೇಲೆ ಅವಳು ಅಡುಗೆಮನೆಯ ಬಾಗಿಲಷ್ಟು ಉದ್ದದ ಹಲಗೆಯ ಮೇಲೆ ತನ್ನ ಬಾಲ್ಯದ ಬಂದರನ್ನು ಎಬ್ಬಿಸಿ ನಿಲ್ಲಿಸಿದ್ದಳು. ಕಲ್ಲಿನ ಕಟ್ಟೆ, ಮೀನಿನ ಬುಟ್ಟಿಗಳು, ಕಲ್ಲಿದ್ದಲಿನ ಗಾಡಿಗಳು, ಉಪ್ಪುಗಾಳಿಗೆ ಕಪ್ಪಾದ ಮನೆಗಳ ಹಿತ್ತಿಲು, ಎಲ್ಲವೂ ಇದ್ದವು. ಮಂತ್ರ ಹಾಕಿಸಿಕೊಂಡು ನಿದ್ದೆಹೋದ ಊರಿನ ಹಾಗೆ ಎಲ್ಲವೂ ಕದಲದೆ ಕಾಯುತ್ತಿದ್ದವು. ಅದನ್ನು ಎಬ್ಬಿಸಬೇಕಾದ ಇಂಜಿನ್ ಮಾತ್ರ ಇರಲಿಲ್ಲ.

ಅವಳು ಚಿಕ್ಕವಳಿದ್ದಾಗ ಆ ಇಂಜಿನ್ ದಿನಾ ಅವರ ಹಿತ್ತಿಲಿನ ಗೋಡೆಗೆ ಉಜ್ಜಿಕೊಂಡೇ ಹೋಗುತ್ತಿತ್ತು. ಬೆನ್ನ ಮೇಲೆ ನೀರಿನ ತೊಟ್ಟಿ ಹೊತ್ತ, ನಾಲ್ಕೇ ಚಕ್ರದ ಕುಳ್ಳ ಇಂಜಿನ್. ಅತ್ತಿತ್ತ ಓಲಾಡುತ್ತ ಬರುವುದನ್ನು ನೋಡಿ ಊರವರು ಬಾತು ಎಂದು ಕರೆಯುತ್ತಿದ್ದರು. ಥೆಲ್ಮಾಳ ಅಮ್ಮ ಒಗೆದ ಬಟ್ಟೆ ಹರವಿದ್ದರೆ ಡ್ರೈವರು ಇಂಜಿನ್ ನಿಲ್ಲಿಸಿ, ಅವಳು ಕೊನೆಯ ಅಂಗಿ ಒಳಗೆ ಒಯ್ಯುವ ತನಕ ಹೊಗೆಯನ್ನು ತಡೆದುಕೊಂಡು ಕಾಯುತ್ತಿದ್ದನಂತೆ. ರಾಕ್ಷಸನಿಗೂ ಅಂಥ ಮರ್ಯಾದೆ ಇರುತ್ತದೆಯೆಂದು ಥೆಲ್ಮಾ ಕಲಿತದ್ದು ಆಗ.

ಪ್ರತಿ ವರ್ಷ ಸಂಘದವರು ಯಾವ ಇಂಜಿನ್ ಮಾಡಬೇಕೆಂದು ಕಾರ್ಖಾನೆಗೆ ಬರೆದು ಕಳಿಸಲು ಮತ ಹಾಕುವಾಗ ಬಾತುವಿಗೆ ಬೀಳುತ್ತಿದ್ದದ್ದು ಒಂದೇ ಮತ. ಹಾಕಿದವರು ಯಾರೆಂದು ಕೇಳಬೇಕಾಗಿರಲಿಲ್ಲ.

"ಬೆರಳುದ್ದದ ಇಂಜಿನ್ನೊಳಗೆ ಮೋಟಾರು ಎಲ್ಲಿಡ್ತಾರೆ ಥೆಲ್ಮಾ? ನಿನ್ನ ತಲೇಲಾ?" ಎಂದು ಕಾರ್ಯದರ್ಶಿ ಡೆಸ್ಮಂಡ್ ಕಾಲೆಳೆಯುವನು.

"ನನ್ನ ತಲೇಲಿ ಜಾಗ ಇಲ್ಲಪ್ಪ. ನಿಂದು ಖಾಲಿ ಇದ್ಯಲ್ಲ, ಅದನ್ನೇ ಕೊಡು."

ಆದರೆ ಕಾಲ ಬದಲಾಗಿತ್ತು. ಮೋಟಾರುಗಳು ಅವರೆಕಾಳಿನಷ್ಟಾಗಿದ್ದವು. ಬೇರೆ ಬೇರೆ ಊರಿನ ಕುಳ್ಳ ಇಂಜಿನ್ನುಗಳು ಒಂದೊಂದಾಗಿ ಪೆಟ್ಟಿಗೆಯಲ್ಲಿ ಬರತೊಡಗಿದ್ದವು. ಥೆಲ್ಮಾಳ ಆಸೆಗೂ ರೆಕ್ಕೆ ಬಲಿತಿತ್ತು. ಕಾಯಲಾರದೆ ಒಮ್ಮೆ ಬಿಡಿಭಾಗಗಳನ್ನು ತರಿಸಿ ತಾನೇ ಕಟ್ಟಲು ಕೂತಳು. ಸಂಜೆಯಾಗುವಷ್ಟರಲ್ಲಿ ಇಂಜಿನ್ನಿನ ಹೊಗೆಗೊಳವೆಯನ್ನು ಮೇಜುಬಟ್ಟೆಗೆ ಭದ್ರವಾಗಿ ಬೆಸೆದಿದ್ದಳು.

ಮರುದಿನ ಖರ್ಜೂರ, ರಮ್ಮು ಸುರಿದ ಒಂದು ಕಡುಬನ್ನು ಬಿಸಿಬಿಸಿಯಾಗಿ ಹಿಡಿದು ವಿಲ್ಫ್‌ನ ಮನೆಗೆ ಹೋದಳು. ಅವನು ವಾಸನೆಯಿಂದಲೇ ಎಚ್ಚೆತ್ತ.

"ಏನೋ ಕೆಲಸ ಇದೆ ನಿಂಗೆ. ಇಲ್ದಿದ್ರೆ ಇಷ್ಟು ರಮ್ಮು ಹಾಕ್ತಿರ್ಲಿಲ್ಲ."

"ಬಾತುನ ಕಟ್ಟಿಕೊಡು ವಿಲ್ಫ್."

"ಆಗಲ್ಲ. ನಾನು ಮುಗಿಸಿದ ತಕ್ಷಣ ಅವ್ರು ಮಾಡ್ತಾರೆ. ಗೊತ್ತಿದ್ದೂ ಕೇಳ್ತೀಯಲ್ಲ."

"ಅದಕ್ಕೇ ಕೇಳ್ತಿರೋದು ಮಾರಾಯ! ನೀನು ಮುಗಿಸು, ಅವ್ರು ಮಾಡ್ಲಿ!"

ಅವಳು ನಗುತ್ತಲೇ ಹೇಳಿದ್ದಳು. ವಿಲ್ಫ್ ನಗಲಿಲ್ಲ. ಬಾಯಿಗೆ ಹೋಗುತ್ತಿದ್ದ ಚಮಚ ತಟ್ಟೆಗೆ ವಾಪಸ್ಸಾಯಿತು.

"ಅಂದ್ರೆ ನನ್ನ ಇಂಜಿನ್ನು ಗಾಳಕ್ಕೆ ಸಿಗಿಸೋ ಎರೆಹುಳ. ಮೀನು ಬಂದ್ಮೇಲೆ ಯಾರಿಗೆ ಬೇಕು ಅದು, ಅಲ್ವಾ?"

ಥೆಲ್ಮಾಗೆ ಕೆನ್ನೆ ಬಿಸಿಯಾಯಿತು. ಇಷ್ಟು ವರ್ಷ ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು. ಐದು ಇಂಜಿನ್ನುಗಳು ಅವನ ಕಪಾಟಿನಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದದ್ದು ಅವಳ ಕಣ್ಣಿಗೆ ಬಿದ್ದದ್ದು ಇವತ್ತೇ.

"ತಪ್ಪು ಮಾತಾಡಿದೆ, ಬಿಡು" ಎಂದು ಎದ್ದಳು. ಬಾಗಿಲ ತನಕ ಹೋಗಿ, ಯಾಕೋ ತಡೆಯಲಾರದೆ, ಅಮ್ಮನ ಬಟ್ಟೆಗಾಗಿ ಹೊಗೆ ತಡೆದು ನಿಲ್ಲುತ್ತಿದ್ದ ಬಾತುವಿನ ಕಥೆ ಹೇಳಿದಳು. ಚಳಿಗಾಲದಲ್ಲಿ ಡ್ರೈವರು ಬೆನ್ನಿಗೆ ಗಾಳಿ ಹೊಡೆಯದಿರಲೆಂದು ಇಂಜಿನ್ನಿನ ಹಿಂದೆ ಗೋಣಿ ಕಟ್ಟಿಕೊಳ್ಳುತ್ತಿದ್ದದ್ದನ್ನೂ ಹೇಳಿದಳು.

ವಿಲ್ಫ್ ಚಮಚವನ್ನು ಮತ್ತೆ ಎತ್ತಿಕೊಂಡ. "ಗೋಣೀನ ಹಗ್ಗದಲ್ಲಿ ಕಟ್ತಿದ್ನೋ, ತಂತೀಲೋ?"

"ಹಗ್ಗದಲ್ಲಿ. ಯಾಕೆ?"

"ಸುಮ್ನೆ ಕೇಳ್ದೆ."

ಸುಮ್ಮನೆ ಕೇಳಿದವನು ಆ ವಾರವೇ ಅಟ್ಟ ಹತ್ತಿದ. ಶರತ್ಕಾಲವಿಡೀ ಹೊತ್ತಿಲ್ಲದ ಹೊತ್ತಿನಲ್ಲಿ ಥೆಲ್ಮಾಳ ಫೋನು ಬಡಿದುಕೊಳ್ಳುತ್ತಿತ್ತು. ಗಂಟೆ ಎಡಕ್ಕಿತ್ತೋ ಬಲಕ್ಕೋ? ಕೆಂಪು ಬಣ್ಣ ಯಾವ ಕೆಂಪು? ಇಟ್ಟಿಗೆಯದೋ, ಬೀಟ್‌ರೂಟಿನದೋ? "ಬೀಟ್‌ರೂಟು, ಆದ್ರೆ ತೊಳೆಯದೇ ಇರೋದು" ಎನ್ನುವಳು ಅವಳು. ಅವನಿಗೆ ಅರ್ಥವಾಗುತ್ತಿತ್ತು.

ಜನವರಿಯಲ್ಲಿ ಕಾರ್ಖಾನೆಯವರು ಆ ವರ್ಷದ ಇಂಜಿನ್ನುಗಳನ್ನು ಹತ್ತು ಗಂಟೆಗೆ ಸಾರುವ ಬೆಳಗ್ಗೆ ಸಂಘದವರೆಲ್ಲ ಚರ್ಚಿನ ಪಕ್ಕದ ಹಾಲ್‌ನಲ್ಲಿ ಸೇರುವುದು ವಾಡಿಕೆ. ಬಸ್ ಡ್ರೈವರ್ ನದೀಮ್ ಫೋನು ನೋಡಿ ಎಲ್ಲರಿಗೂ ಕೇಳುವಂತೆ ಓದುವುದೂ ವಾಡಿಕೆ. ಆ ದಿನ ಥೆಲ್ಮಾಳ ಬಂದರಿನ ಹಲಗೆ ಹಾಲ್‌ನ ನಡುವೆ ಇತ್ತು. ವಿಲ್ಫ್ ಬಂದು ಕರವಸ್ತ್ರ ಬಿಚ್ಚಿ ಬಾತುವನ್ನು ಹಳಿಯ ಮೇಲಿಟ್ಟ.

ಅದು ಓಲಾಡುತ್ತ ಹೊರಟಿತು. ಚಹಾ ಚೀಲದ ಕಾಗದದ ಗೋಣಿ ಹಿಂದೆ ಅಲುಗುತ್ತಿತ್ತು. ಹಿತ್ತಿಲುಗಳ ಪಕ್ಕ ಹಾಯುವಾಗ ಇಡೀ ಬಂದರು ಕಣ್ಣುಜ್ಜಿಕೊಂಡು ಎದ್ದು ಕೂತ ಹಾಗಾಯಿತು. ಥೆಲ್ಮಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಡೆಸ್ಮಂಡ್ ಕನ್ನಡಕ ಏರಿಸಿ ಬಗ್ಗಿದ. "ಶಿಳ್ಳೆ ಎಲ್ಲಯ್ಯಾ?"

ವಿಲ್ಫ್ ಜೇಬಿನಿಂದ ಬೆಂಕಿಪೊಟ್ಟಣ ತೆಗೆದ. ಅದರಲ್ಲಿ ಜೀರಿಗೆಯಷ್ಟು ಚಿಕ್ಕ ಹಿತ್ತಾಳೆಯ ಶಿಳ್ಳೆ. "ಇನ್ನೂ ಕೂಡಿಸಿಲ್ಲ. ಕೂಡಿಸಿದ್ರೆ ಮುಗೀತು. ಮುಗಿದ್ರೆ... ನಿಮಗೇ ಗೊತ್ತಲ್ಲ."

ಇಡೀ ಹಾಲ್‌ನಲ್ಲಿ ಗದ್ದಲವೆದ್ದಿತು. "ಹತ್ತು ಹೊಡೆಯೋಕೆ ಬಂತು, ಅಂಟಿಸೋ!" "ಯಾರಾದ್ರೂ ಗೋಂದು ಕೊಡ್ರಪ್ಪಾ!" "ಆಂಟಿ, ನೀವಾದ್ರೂ ಹೇಳಿ!" ಎಂದ ನದೀಮ್.

ಎಲ್ಲರೂ ಥೆಲ್ಮಾಳತ್ತ ತಿರುಗಿದರು. ಎಷ್ಟೋ ವರ್ಷ ಬೇಡಿಕೊಂಡದ್ದು ಈಗ ಜೀರಿಗೆಯಷ್ಟು ದೂರದಲ್ಲಿತ್ತು. ಅವಳು ಗೋಣಿಯನ್ನು ನೋಡಿದಳು, ತೊಳೆಯದ ಬೀಟ್‌ರೂಟಿನ ಬಣ್ಣವನ್ನು ನೋಡಿದಳು.

"ಕೂಡಿಸಬೇಡ ವಿಲ್ಫ್. ಶಿಳ್ಳೆ ಇಲ್ದಿದ್ರೂ ಪರವಾಗಿಲ್ಲ. ನಂಗೆ ಇದೇ ಸಾಕು. ಅವ್ರು ಮಾಡದೇ ಇದ್ರೇ ಒಳ್ಳೇದು."

"ಏನಂದೆ?"

"ಕಿವಿ ಕೇಳಲ್ವಾ? ಇದೇ ಬೇಕು ಅಂದೆ."

ವಿಲ್ಫ್ ಕಿವಿಯವರೆಗೂ ಕೆಂಪಾಗಿ, "ಹಾಗಿದ್ರೆ ಬರ್ಲಿ ಬಿಡು, ನಂಗೇನು!" ಎಂದವನೇ ಚಿಮಟದಲ್ಲಿ ಶಿಳ್ಳೆ ಹಿಡಿದು, ಗೋಂದಿಗೆ ಅದ್ದಿ, ಇಂಜಿನ್ನಿನ ಮೇಲೆ ಕೂಡಿಸಿಯೇ ಬಿಟ್ಟ.

ನದೀಮ್ ಓದತೊಡಗಿದ. ದೊಡ್ಡ ಹಸಿರು ಎಕ್ಸ್‌ಪ್ರೆಸ್ ಇಂಜಿನ್. ಅದರ ಹಿಂದೆ ಒಂದು ಡೀಸೆಲ್ಲು. ಡೆಸ್ಮಂಡ್ ಥೂ ಎಂದ. ಆಮೇಲೆ ನದೀಮ್‌ನ ದನಿ ಎರಡು ಮೆಟ್ಟಿಲು ಮೇಲೆ ಹಾರಿತು. "ನಾಲ್ಕು ಚಕ್ರ... ಬೆನ್ನ ಮೇಲೆ ತೊಟ್ಟಿ... ಬಂದರಿನ ಇಂಜಿನ್... ಅಯ್ಯೋ ಆಂಟಿ, ಬಾತು! ಬಾತುನೇ!"

ಕುರ್ಚಿಗಳು ಉರುಳಿದವು. ಯಾರೋ ಯಾರನ್ನೋ ತಬ್ಬಿಕೊಂಡರು. ಡೆಸ್ಮಂಡ್ ವಿಲ್ಫ್‌ನ ಬೆನ್ನಿಗೆ ಗುದ್ದುತ್ತ, "ಆರನೇದು! ಆರನೇದು ಕಣಯ್ಯಾ!" ಎಂದು ಕುಣಿದ. ಥೆಲ್ಮಾ ಮಾತ್ರ ಹೆದರಿ ವಿಲ್ಫ್‌ನ ಮುಖ ನೋಡಿದಳು.

"ಅಂಗಡಿಗೆ ಬರೋದು ಇನ್ನೆರಡು ವರ್ಷಕ್ಕಂತೆ" ಎಂದು ನದೀಮ್ ಸೇರಿಸಿದ.

ವಿಲ್ಫ್ ನಗತೊಡಗಿದ. ಹೊಟ್ಟೆಯಿಂದ ಬಂದ ನಗು, ಕಣ್ಣಲ್ಲಿ ನೀರು ತರಿಸಿದ ನಗು. "ಎರಡು ವರ್ಷ! ಅಲ್ಲೀವರೆಗೂ ಭೂಮಿ ಮೇಲೆ ಓಡೋ ಬಾತು ಇದೊಂದೇ ಕಣೇ!"

ಅಷ್ಟರಲ್ಲಿ ಅವನ ಸುತ್ತ ಸಂತೆ ನೆರೆದಿತ್ತು. ಮುಂದಿನ ಸಲ ಗಣಿಯ ಇಂಜಿನ್ ಕಟ್ಟು, ಇಲ್ಲ, ಸಕ್ಕರೆ ಕಾರ್ಖಾನೆಯದು ಕಟ್ಟು, ನಾನು ಮೊದಲು ಹೇಳಿದ್ದು, ನಾನು ಮೊದಲು ಎಂದು ಜಗಳ. ವಿಲ್ಫ್ ಅವರ ನಡುವಿನಿಂದ ನುಸುಳಿ ಬಂದರಿನ ಪಕ್ಕ ಬಂದು ನಿಂತ.

"ಅವ್ರದೂ ತಗೋತೀಯಾ?" ಎಂದು ಮೆಲ್ಲಗೆ ಕೇಳಿದ.

"ತಗೋತೀನಿ. ಸೋಮವಾರದಿಂದ ಶನಿವಾರ ಅದು ದುಡೀಲಿ. ಇದು ಹಬ್ಬಕ್ಕೆ."

"ಉಲ್ಟಾ ಮಾಡು. ನಂದು ದುಡಿಯೋಕೇ ಹುಟ್ಟಿರೋದು."

"ಸರಿ, ಈಗ್ಲೇ ದುಡಿಸು" ಎಂದು ಥೆಲ್ಮಾ ವೇಗದ ಗುಂಡಿಯನ್ನು ಅವನ ಕೈಗಿಟ್ಟು, ಕಲ್ಲಿದ್ದಲಿನ ಗಾಡಿಗಳನ್ನು ಒಂದೊಂದಾಗಿ ಬಾತುವಿಗೆ ಸಿಕ್ಕಿಸತೊಡಗಿದಳು.