ಪಾಪ ಅಂದದ್ದು

ಹಾಲಪ್ಪನ ಪರವಾಗಿ ಒಂದು ಒಳ್ಳೆಯ ಮಾತಾಡುವವರು ಯಾರೂ ಇರಲಿಲ್ಲ. ಕೊಪ್ಪಳದ ಕಡೆಯ ಅವನ ಅಣ್ಣ ಫೋನೆತ್ತಿ, "ಅಂಥಾವ ನಮ್ಮನ್ಯಾಗ ಯಾರೂ ಇಲ್ರಿ" ಎಂದು ಇಟ್ಟುಬಿಟ್ಟಿದ್ದ. ಹೇಳಬೇಕಾದ್ದನ್ನು ಹಾಲಪ್ಪನೇ ಹೇಳಬೇಕಿತ್ತು. ಅವನಿಗೆ ಬರುತ್ತಿದ್ದದ್ದು ಕನ್ನಡ ಮಾತ್ರ. ಟೈಲ್ಸ್ ಹಾಕಲು ತಿರುವನಂತಪುರಕ್ಕೆ ಬಂದ ಕೆಲವೇ ತಿಂಗಳಲ್ಲಿ, ಕೆಲಸಕ್ಕೆ ಹೋಗುತ್ತಿದ್ದ ಮನೆಯ ಮುದುಕಿಯನ್ನು ಕೊರಳ ಸರಕ್ಕಾಗಿ ಕತ್ತು ಹಿಸುಕಿ ಕೊಂದು ಸಿಕ್ಕಿಬಿದ್ದಿದ್ದ. ಗಲ್ಲು ಶಿಕ್ಷೆಯಾಗಿತ್ತು.

ಅದನ್ನು ಖಾಯಂ ಮಾಡುವ ಮೊದಲು, ಅವನು ಎಂಥ ಮನುಷ್ಯ ಎಂದು ಕೊಚ್ಚಿಯ ಹೈಕೋರ್ಟು ವರದಿ ಕೇಳಿತ್ತು. ವರದಿ ಬರೆಯಲು ಬಂದವಳು ಮೋಹಿನಿ, ಮಲಯಾಳಿ. ಅನುವಾದಕ್ಕೆ ಸಿಕ್ಕವನು ತಿಪಟೂರಿನ ಓಂಕಾರಪ್ಪ. ಕೇಂದ್ರ ಸರಕಾರದ ನೌಕರಿ, ವರ್ಷಗಳಿಂದ ತಿರುವನಂತಪುರದ ಉಳ್ಳೂರಿನಲ್ಲಿ ಮನೆ.

"ಇವನಿಗೂ ಒಂದು ವರದಿ" ಎಂದ ಓಂಕಾರಪ್ಪ, ಜೈಲಿನ ಕುರ್ಚಿ ಎಳೆದುಕೊಳ್ಳುತ್ತಾ. "ಸತ್ತವಳು ಎಂಥವಳು ಅಂತ ಯಾರಾದರೂ ಬರೆದರಾ?"

"ನಿಮ್ಮ ಅಭಿಪ್ರಾಯ ಬೇಡ ಸಾರ್" ಎಂದಳು ಮೋಹಿನಿ ಮಲಯಾಳಂನಲ್ಲಿ. "ಅವನು ಹೇಳಿದ ಪದ ಹೇಳಿ. ಕರೆಸಿದ್ದು ಅಷ್ಟಕ್ಕೇ."

ಓಂಕಾರಪ್ಪನ ಕಿವಿ ಬಿಸಿಯಾಯಿತು. ಕಚೇರಿಯಲ್ಲಿ ಅವನ ಜೊತೆ ಹೀಗೆ ಯಾರೂ ಮಾತಾಡುತ್ತಿರಲಿಲ್ಲ.

ಹಾಲಪ್ಪನನ್ನು ಕರೆತಂದರು. ಬಿಸಿಲು ಕಾಣದ ಮೈ ಬಿಳಿಚಿತ್ತು. ಅವನು ಇಬ್ಬರನ್ನೂ ನೋಡದೆ ನೆಲ ನೋಡಿದ.

"ಈ ಟೈಲ್ಸ್ ಯಾರು ಹಾಕ್ಯಾರ್ರಿ? ಲೆವೆಲ್ಲಿಲ್ಲ."

"ನಿನ್ನ ಲೆವೆಲ್ ನೋಡೋಕ್ಕೇ ಬಂದಿರೋದು. ಕೂತ್ಕೊ" ಎಂದ ಓಂಕಾರಪ್ಪ.

ಊರು, ತಂದೆ ತಾಯಿ, ಶಾಲೆ ಎಲ್ಲ ಆಯಿತು. ಒಂದೊಂದಕ್ಕೂ ಅವನ ಉತ್ತರ ಒಂದೊಂದೇ ಮಾತು. ಕೊನೆಗೆ ಮೋಹಿನಿ ಪೆನ್ನು ಬದಲಿಸಿಕೊಂಡು, ಪಶ್ಚಾತ್ತಾಪ ಇದೆಯೇ ಕೇಳಿ ಎಂದಳು.

"ಮಾಡಿದ್ದಕ್ಕೆ ಸಂಕಟ ಆಗುತ್ತೇನಯ್ಯಾ?"

"ನಾ ಅತ್ರ ಮುದುಕಿ ಎದ್ದು ಬರ್ತಾಳೇನ್ರಿ?"

ಓಂಕಾರಪ್ಪ ಅದನ್ನು ಇದ್ದದ್ದು ಇದ್ದ ಹಾಗೆಯೇ ಮಲಯಾಳಂಗೆ ತಿರುಗಿಸಿದ. ಮೋಹಿನಿಯ ಮುಖ ಗಂಟಾಯಿತು. "ಇನ್ನೊಂದು ಸಲ ಕೇಳಿ. ಇದನ್ನೇ ಬರೆದರೆ ಇವನು ಉಳಿಯೋದಿಲ್ಲ."

ಓಂಕಾರಪ್ಪ ಮತ್ತೆ ಕೇಳಿದ. ಹಾಲಪ್ಪ ಟೈಲ್ಸಿನ ಏರುಪೇರನ್ನು ಕಾಲಬೆರಳಿನಿಂದ ಸವರಿದ. ಆಮೇಲೆ ತಲೆ ಎತ್ತದೆ, ಯಾರನ್ನೋ ಬೈಯುವವನಂತೆ ಅಂದ: "ಪಾಪ್ರಿ ಆಕಿ. ಪಾಪ."

ಮೋಹಿನಿ ಅನುವಾದಕ್ಕೆ ಕಾಯಲಿಲ್ಲ. "ಪಾಪ ಅಂದ. ನನಗೇ ಕೇಳಿಸಿತು. ಅವಳು ಪಾಪ ಮಾಡಿದ್ದಳು ಅಂತಾನಾ? ಕೊಂದಮೇಲೂ ತಪ್ಪು ಅವಳದ್ದೇನಾ?"

ಮಲಯಾಳಂನಲ್ಲಿ ಪಾಪಕ್ಕೆ ಕನಿಕರದ ಅರ್ಥವಿಲ್ಲ. ಕನಿಕರಕ್ಕೆ ಅವರು 'ಪಾವಂ' ಅನ್ನುತ್ತಾರೆ. ಓಂಕಾರಪ್ಪನಿಗೆ ಇದು ಚೆನ್ನಾಗಿ ಗೊತ್ತಿತ್ತು. ಬಂದ ಹೊಸದರಲ್ಲಿ ಕಾಲು ಮುರಿದುಕೊಂಡ ಪ್ಯೂನನನ್ನು ಪಾಪ ಎಂದು ಕರೆದು ಅವನೇ ನಗೆಪಾಟಲಾಗಿದ್ದ. ಪಾವಂ ಎಂದುಬಿಟ್ಟರೆ ಸಾಕಿತ್ತು. ಅವನು ಹಾಲಪ್ಪನ ದಪ್ಪ ಹೆಬ್ಬೆರಳುಗಳನ್ನು ನೋಡಿದ. ಆಮೇಲೆ ಮೋಹಿನಿಯನ್ನು ನೋಡಿದ.

"ಪದ ಅದೇ ಮೇಡಂ" ಎಂದ. "ಪಾಪ ಅಂತಲೇ ಅಂದಿದ್ದು."

ಅವಳು ಬರೆದುಕೊಂಡು ಫೈಲು ಮುಚ್ಚಿದಳು.

"ಅಕ್ಕಾರು ಏನ್ ಬರಕೊಂಡ್ರಿ ಸರ?" ಎಂದ ಹಾಲಪ್ಪ.

"ನೀನು ಹೇಳಿದ್ದೇ."

"ಪಾಪ ಅಂದದ್ದೂ?"

"ಅದನ್ನೂ."

ಹಾಲಪ್ಪ ಆಗ ತಲೆ ಎತ್ತಿದ. "ಇಷ್ಟ ದಿನ ಯಾರಿಗೂ ತಿಳೀತಿದ್ದಿಲ್ರಿ. ಕನ್ನಡದಾವ್ರು ಸಿಕ್ಕಿದ್ದು ಛಲೋ ಆತು."

ತೀರ್ಪು ಬಂದದ್ದು ಓಣಂ ರಜೆ ಮುಗಿದ ಮೇಲೆ. ಊಟದ ಹೊತ್ತಿಗೆ ಸಹೋದ್ಯೋಗಿ ಸುಮಂತ್ ಮೊಬೈಲಿನಲ್ಲಿ ಸುದ್ದಿ ಓದಿದ. "ನಿಮ್ಮ ಹಾಲಪ್ಪಂಗೆ ಗಲ್ಲು ಖಾಯಂ ಆಯ್ತು ಸಾರ್. ಸತ್ತವಳನ್ನೇ ದೂರಿದನಂತೆ, ಎಂಥ ಜನ."

"ನಮ್ಮವನಲ್ಲಪ್ಪ. ಆ ಕೊಪ್ಪಳದ ಕಡೆಯವನು" ಎಂದು ಓಂಕಾರಪ್ಪ ಡಬ್ಬಿಯಲ್ಲಿ ಉಳಿದಿದ್ದ ಅನ್ನಕ್ಕೆ ಮೊಸರು ಸುರಿದು, ಗಂಟಿಲ್ಲದ ಹಾಗೆ ಕಲಸತೊಡಗಿದ.

ಮುದುಕಿ ಒಬ್ಬಳು. ಇನ್ನು ಹಾಲಪ್ಪ ಒಬ್ಬ. ಪಾಪ ಅನ್ನಬೇಕಾದವರು ಒಟ್ಟು ಇಬ್ಬರು.