ಅವ್ವ ಹೇಳಿದ ಶಾಪ್ಲಾ ಹೂವು

ಬೇಗಂಪೇಟೆ ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಆ ವಾರ ಎಲ್ಲರ ಬಾಯಲ್ಲೂ ಒಂದೇ ಮಾತು. ಬಾಡಿಗೆಗೆ ಇರುವವರೆಲ್ಲ ಗುರುತಿನ ಕಾಗದ ತೋರಿಸಬೇಕು ಎಂದು ಮನೆ ಮಾಲೀಕರು ಹೇಳಿದ್ದರು. ಕೆಲವರು ಟ್ರಂಕಿನ ತಳ ಹುಡುಕಿದರು. ಕೆಲವರು ಊರಿಗೆ ಫೋನ್ ಮಾಡಿದರು. ಸಾಬಣ್ಣ ಮಾತ್ರ ಎರಡನ್ನೂ ಮಾಡಲಿಲ್ಲ.

ಸಾಬಣ್ಣ ಮಾದಾಪುರದ ಹೊಸ ಕಟ್ಟಡಗಳಲ್ಲಿ ಟೈಲ್ಸ್ ಕೂರಿಸುವವನು. ಹೆಂಡತಿ ಹಂಪಮ್ಮ ನಾಲ್ಕಾರು ಮನೆಗಳಲ್ಲಿ ಅಡುಗೆ ಮಾಡುತ್ತಾಳೆ. ಒಬ್ಬಳೇ ಮಗಳು ರೇಣುಕಾ. ಹಿಮಾಯತ್‌ನಗರದ ಅಂಗಡಿಯೊಂದರಲ್ಲಿ ಅವಳದು ಮಗ್ಗಂ ಕೆಲಸ. ರವಿಕೆಯ ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದು, ಸೂಜಿಯಿಂದ ಹೂಬಳ್ಳಿ ಅರಳಿಸುವ ಕೆಲಸ.

“ಅಪ್ಪಾ, ನಿಮ್ಮಿಬ್ಬರ ಕಾಗದ ಎಲ್ಲಿ ಅದಾವ?” ಎಂದು ರೇಣುಕಾ ಕೇಳಿದಳು.

“ಊರಾಗ ಅದಾವ.”

“ಊರು ಅಂದ್ರ ಸಿಂಧನೂರು. ಅದೇನು ಅಮೇರಿಕಾ ಅಲ್ಲ. ಬಸ್ ಹತ್ತಿ ಹೋಗಿ ತರೋಣ.”

“ತರೋಣ, ತರೋಣ. ಮಳಿ ನಿಲ್ಲಲಿ.”

ರೇಣುಕಾ ಹೊರಗೆ ನೋಡಿದಳು. ಒಣಹಾಕಿದ ಸೀರೆ ಬಿಸಿಲಿಗೆ ಚರ್ಮದ ಹಾಗೆ ಬಿರುಸಾಗಿತ್ತು. “ಯಾವ ಮಳಿ, ಅಪ್ಪಾ?” ಎಂದಳು. ಸಾಬಣ್ಣ ಚಪ್ಪಲಿ ಮೆಟ್ಟಿಕೊಂಡು ಹೋದ.

ಮರುದಿನ ಅಂಗಡಿಯಲ್ಲಿ ಗಿರಾಕಿಯೊಬ್ಬರು ನೀರಿನ ಹೂವಿನ ಚಿತ್ತಾರ ಬೇಕೆಂದು ಹೇಳಿಹೋಗಿದ್ದರು. ಎಲ್ಲರೂ ಬಿಡಿಸುವ ತಾವರೆ ರೇಣುಕಾಗೆ ಬೇಡವಾಯಿತು. ಅವ್ವ ಚಿಕ್ಕಂದಿನಲ್ಲಿ ಹೇಳುತ್ತಿದ್ದ ಕಥೆಯ ಹೂವನ್ನು ಬಿಡಿಸಿದಳು. ಆಚೆ ದಡವೇ ಕಾಣದಷ್ಟು ಅಗಲವಾದ ಒಂದು ನದಿ. ಅದರ ಪಕ್ಕದ ನಿಂತ ನೀರಿನಲ್ಲಿ ದೋಣಿಯೇರಿ ಹೋಗುವ ಒಬ್ಬ ಹುಡುಗಿ. ಅವಳು ಉದ್ದ ದಂಟಿನ ಬಿಳಿ ಹೂಗಳನ್ನು ಕಿತ್ತು ಕೊರಳಿಗೆ ಸುತ್ತಿಕೊಳ್ಳುತ್ತಾಳೆ, ಮನೆಗೆ ಬಂದು ಅದೇ ದಂಟನ್ನು ಪಲ್ಯ ಮಾಡುತ್ತಾಳೆ. ಆ ಹೂವಿನ ಹೆಸರು ಶಾಪ್ಲಾ. ಕಥೆಯಲ್ಲಿ ಮೀನುಗಳೂ ಮಾತಾಡುತ್ತಿದ್ದವು. ಹಾಗಾಗಿ ಹೂವೂ ಅವ್ವ ಕಟ್ಟಿದ್ದೇ ಎಂದು ರೇಣುಕಾ ತಿಳಿದಿದ್ದಳು.

ಪಕ್ಕದಲ್ಲಿ ಕೂತಿದ್ದ ಮಿತಾಲಿ ಬಗ್ಗಿ ನೋಡಿದಳು. ಅವಳು ಬಂಗಾಳದಿಂದ ಹೊಸದಾಗಿ ಕೆಲಸಕ್ಕೆ ಬಂದವಳು. “ಶಾಪ್ಲಾ ಬಹಳ ಚೆನ್ನಾಗಿ ಬಿಡಿಸಿದ್ದೀಯ” ಎಂದು ಹಿಂದಿಯಲ್ಲಿ ಹೇಳಿದಳು.

ರೇಣುಕಾಳ ಸೂಜಿ ನಿಂತಿತು. “ನಿನಗೆ ಆ ಹೆಸರು ಹೇಗೆ ಗೊತ್ತು?”

“ನಮ್ಮ ಭಾಷೆಯ ಹೆಸರು, ನನಗೆ ಗೊತ್ತಿರದೆ? ನಿನಗೆ ಯಾರು ಹೇಳಿಕೊಟ್ಟರು?”

ಸಂಜೆ ರೇಣುಕಾ ಓಡುತ್ತಲೇ ಮನೆಗೆ ಬಂದಳು. ಕಥೆಯ ಹೂವು ನಿಜವಾಗಿಯೂ ಇದೆ ಎಂಬ ಸಂತೋಷ ಅವಳಿಗೆ. ಹಂಪಮ್ಮ ಈಳಿಗೆ ಮಣೆಯ ಮೇಲೆ ಕೂತು ಬದನೆಕಾಯಿ ಹೆಚ್ಚುತ್ತಿದ್ದಳು.

“ಅವ್ವಾ, ಶಾಪ್ಲಾ ಖರೇನ ಐತಂತ. ಬಂಗಾಲಿ ಮಂದಿ ಅದನ್ನ ಪಲ್ಯಾನೂ ಮಾಡ್ತಾರಂತ. ನಿನಗ ಹ್ಯಾಂಗ ಗೊತ್ತಾತು?”

ಹಂಪಮ್ಮನ ಕೈಯಿಂದ ಬದನೆಕಾಯಿಯ ಹೋಳು ಜಾರಿತು. ಅವಳು ಗಂಡನ ಮುಖ ನೋಡಿದಳು. ಸಾಬಣ್ಣ ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತ. “ಹೇಳಿಬಿಡು” ಎಂದ.

“ನಾವು ಸಿಂಧನೂರಿನವರಲ್ಲ ಮಗಾ” ಎಂದಳು ಹಂಪಮ್ಮ. “ನಮ್ಮೂರು ಗಡಿ ಆಚೆ, ಬಾಂಗ್ಲಾದೇಶದಾಗ. ನದಿ ದಂಡಿ ಕಡೀತಾ ಕಡೀತಾ ಹೊಲ ತಿಂತು, ಆಮ್ಯಾಲೆ ಮನೀನೂ ತಿಂತು. ಲಗ್ನ ಆದ ವರ್ಷ ನಾವಿಬ್ಬರೂ ಗಡಿ ದಾಟಿದ್ವಿ. ಕೈಯಾಗ ಯಾವ ಕಾಗದಾನೂ ಇರಲಿಲ್ಲ. ಸಿಂಧನೂರ ಕಡೆ ಬಂಗಾಲಿ ಮಂದಿ ಅದಾರಂತ ಯಾರೋ ಹೇಳಿದ್ರು. ಅಲ್ಲಿ ಭತ್ತದ ಗದ್ದಿಯಾಗ ದುಡಕೋತ ಕನ್ನಡ ಕಲತ್ವಿ. ಅಲ್ಲಿಂದ ಇಲ್ಲಿಗೆ ಬಂದ್ವಿ. ನೀ ಹುಟ್ಟಿದ್ದು ಇಲ್ಲೇ.”

ರೇಣುಕಾ ಗೋಡೆಗೆ ಒರಗಿ ಕೂತಳು. ತನ್ನದೇ ಮನೆ ಒಂದು ಕ್ಷಣ ಯಾರದೋ ಮನೆಯಂತೆ ಕಂಡಿತು. “ಇಷ್ಟು ದಿನ ನನಗ ಒಂದು ಮಾತು ಹೇಳಲಿಲ್ಲಲ್ಲ” ಎಂದಳು.

“ಹೇಳೀನಲ್ಲ” ಎಂದಳು ಹಂಪಮ್ಮ. “ಕಥೀ ಮಾಡಿ ಎಲ್ಲಾ ಹೇಳೀನಿ. ಸೀದಾ ಹೇಳಾಕ ಅಂಜಿಕಿ ಆತು.”

ರೇಣುಕಾಗೆ ಸಿಟ್ಟು ಬಂದಿತ್ತು. ಆದರೂ ಅವಳು ಅವ್ವನ ಹತ್ತಿರ ಸರಿದು, ಮಣೆ ತನ್ನ ಕಡೆಗೆ ಎಳೆದುಕೊಂಡು, ಉಳಿದ ಬದನೆಕಾಯಿ ತಾನೇ ಹೆಚ್ಚಿದಳು.

ಊಟವಾದ ಮೇಲೆ ಸಾಬಣ್ಣ ಬಾಯಿಬಿಟ್ಟ. “ಏಜೆಂಟ್ ವಿಜಯಕುಮಾರ ಎಲ್ಲಾ ಮಾಡಿಕೊಡ್ತಾನಂತ. ಸಿಂಧನೂರಾಗ ಹುಟ್ಟಿದ್ದು ಅಂತ ಸರ್ಟಿಫಿಕೇಟು, ಆಧಾರು, ಎಲ್ಲಾ. ನಾವು ಫೋಟೋ ಕೊಟ್ರ ಸಾಕು. ಅದೂ ಬ್ಯಾಡಂದ್ರ ಪುಣೆ ಕಡೆ ಹೊಂಡೋದು. ಅಲ್ಲಿ ನಮ್ಮನ್ನ ಯಾರು ಕೇಳ್ತಾರ?”

“ಅಲ್ಲೂ ಮನಿ ಮಾಲೀಕರು ಇರ್ತಾರ, ಅಪ್ಪಾ” ಎಂದಳು ರೇಣುಕಾ. “ಫೋಟೋ ಕೊಡಬ್ಯಾಡ. ನಾಳೆ ಪ್ರೇಮಾ ಅಕ್ಕಾರನ್ನ ಕರಕೊಂಡ ಬರ್ತೀನಿ.”

ಪ್ರೇಮಾ ಧಾರವಾಡದವರು. ಗಂಡನಿಗೆ ರಕ್ಷಣಾ ಕಾರ್ಖಾನೆಯಲ್ಲಿ ನೌಕರಿ. ಅವರು ಕಾನೂನು ಸೇವಾ ಪ್ರಾಧಿಕಾರದಲ್ಲಿ ತರಬೇತಿ ಪಡೆದು, ಓಣಿಯ ಜನರನ್ನು ಉಚಿತ ವಕೀಲರ ಬಳಿ ಕರೆದೊಯ್ಯುವ ಸ್ವಯಂಸೇವಕಿ. ಮರುದಿನ ಬೆಳಗ್ಗೆ ಬಂದು ಚಾಪೆಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ನಡುವೆ ಒಮ್ಮೆಯೂ ಹುಬ್ಬೇರಿಸಲಿಲ್ಲ.

“ವಕೀಲರಿಗೆ ಹೇಳಿದ್ರ ಅವರು ಸೀದಾ ಪೊಲೀಸರಿಗೆ ಹೇಳ್ತಾರ, ಅಕ್ಕಾರ” ಎಂದ ಸಾಬಣ್ಣ.

“ಹಂಗಿಲ್ಲರಿ. ನಂಬಿ ಹೇಳಿದ್ದನ್ನ ಗುಟ್ಟಾಗಿ ಇಡೋದು ವಕೀಲರ ಕರ್ತವ್ಯ. ಕಾನೂನೇ ಹಂಗ ಹೇಳ್ತೈತಿ.”

“ಫೀಸು?”

“ಏನೂ ಇಲ್ಲ. ಹೆಣ್ಮಕ್ಕಳಿಗಂತೂ ಆದಾಯ ಎಷ್ಟಂತ ಕೇಳಂಗಿಲ್ಲ.”

“ಪುಕ್ಕಟೆ ವಕೀಲರು ಪುಕ್ಕಟೆ ಟೈಲ್ಸ್ ಇದ್ದಂಗ. ತಿಂಗಳೊಪ್ಪತ್ತಿನಾಗ ಎದ್ದು ಬರ್ತಾವ.”

ಪ್ರೇಮಾ ನಕ್ಕರು. “ಟೈಲ್ಸ್ ಮಾತು ನೀವೇ ತಗದ್ರಿ. ಕೆಳಗ ಸಿಮೆಂಟು ಸರಿ ತುಂಬದಿದ್ರ ಏನಾಕೈತ್ರಿ?”

“ಮ್ಯಾಲೆ ಚಂದ ಕಾಣತೈತಿ. ಬಡದು ನೋಡಿದ್ರ ಟೊಳ್ಳು ಸಪ್ಪಳ ಬರತೈತಿ. ಭಾರ ಬಿತ್ತಂದ್ರ ಒಡೀತೈತಿ.”

“ಖೊಟ್ಟಿ ಕಾಗದಾನೂ ಹಂಗ ಅಲ್ಲೇನ್ರಿ? ಒಂದಲ್ಲ ಒಂದು ದಿನ ಯಾರಾದ್ರೂ ಬಡದ ನೋಡ್ತಾರ. ಅದು ದೊಡ್ಡ ಅಪರಾಧ. ಇವತ್ತು ನಿಮ್ಮ ಹಂತ್ಯಾಕ ಕಾಗದ ಇಲ್ಲ ಅನ್ನೋದೊಂದ ತೊಂದರೆ. ಖೊಟ್ಟಿ ತಗೊಂಡ್ರ ಎರಡಾದ್ವು. ಆ ಟೊಳ್ಳಿನ ಮ್ಯಾಲೆ ನಿಮ್ಮ ಮಗಳೂ ನಿಂತಿರ್ತಾಳ.”

ಸಾಬಣ್ಣ ಕೇಳಿದ, “ನಮ್ಮನ್ನ ಆಚೆ ಕಳಸಂಗಿಲ್ಲ ಅಂತ ಮಾತು ಕೊಡ್ತೀರೇನು?”

“ಇಲ್ಲರಿ, ಆ ಮಾತು ಕೊಡಾಕ ನನ್ನಿಂದ ಆಗೂದಿಲ್ಲ. ಕೊಟ್ರ ನನಗೂ ಆ ಏಜೆಂಟಗೂ ಏನು ಫರಕು? ನೀವು ಯಾವಾಗ ಬಂದ್ರಿ, ಯಾಕ ಬಂದ್ರಿ, ಮಗಳು ಯಾವಾಗ ಹುಟ್ಟಿದಳು, ಇದರ ಮ್ಯಾಲೆ ಒಬ್ಬೊಬ್ಬರ ಹಾದಿ ಬ್ಯಾರೆ ಆಕೈತಿ. ಹಾದಿ ಉದ್ದ ಇರಬಹುದು. ಆದ್ರ ಆ ಹಾದಿ ತಿಳದವರೊಬ್ಬರು ನಿಮ್ಮ ಬಾಜೂಕ ಇರ್ತಾರ. ಮಾಲೀಕರಿಗೆ ಏನು ಹೇಳಬೇಕು ಅನ್ನೋದನ್ನೂ ಅವರನ್ನ ಕೇಳೋಣ.”

ರೇಣುಕಾ ಅಪ್ಪನ ಪಕ್ಕ ಬಂದು ಕೂತಳು. “ಇಷ್ಟು ವರ್ಷ ನೀವಿಬ್ಬರ ಅಂಜಿದ್ರಿ. ಈಗ ನಾನೂ ಅದೀನಿ. ಓಡಿ ಹೋಗೋದು ಬ್ಯಾಡಪ್ಪಾ.”

ಸಾಬಣ್ಣ ಫೋನ್ ತೆಗೆದು ವಿಜಯಕುಮಾರನಿಗೆ ಹೇಳಿದ: “ತಮ್ಮಾ, ಫೋಟೋ ಕೊಡಂಗಿಲ್ಲ. ನಮ್ಮ ಕೆಲಸ ಬಿಟ್ಟಬಿಡು.”

ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದ್ದದ್ದು ನ್ಯಾಯಾಲಯದ ಆವರಣದಲ್ಲೇ. ಕನ್ನಡ ಬಲ್ಲ ವಕೀಲೆ ಶರ್ವರಿ ಮೂವರನ್ನೂ ಕೂರಿಸಿ ನೀರು ಕೊಟ್ಟರು. ಮೊದಲು ಸಾಬಣ್ಣನ ಹೆಸರು ಕೇಳಿದರು.

“ಶ್ಯಾಮಲ್‌ರಿ. ಇಲ್ಲಿ ಎಲ್ಲಾರೂ ಸಾಬಣ್ಣ ಅಂತಾರ.”

“ನಿಮ್ಮದು, ಅಮ್ಮಾ?”

ಹಂಪಮ್ಮ ಕೇಳಿದಳು, “ಖರೇ ಹೆಸರೇನ್ರಿ?”

“ಹೌದು. ತಾಯಿ ತಂದೆ ಇಟ್ಟದ್ದು.”

“ಮಾಲತಿ.”

ಅದು ಎಷ್ಟು ಮೆಲ್ಲಗೆ ಬಂತೆಂದರೆ ಶರ್ವರಿಗೆ ಕೇಳಿಸಲಿಲ್ಲ. ಪಕ್ಕದಲ್ಲಿದ್ದ ಸಾಬಣ್ಣನಿಗೆ ಕೇಳಿಸಿತು. ಯಾರೋ ದೂರದಿಂದ ಕರೆದಂತೆ ತಿರುಗಿ ಹೆಂಡತಿಯನ್ನು ನೋಡಿದ.

“ಮತ್ತ ಹಂಪಮ್ಮ?” ಎಂದಳು ರೇಣುಕಾ.

“ಸಿಂಧನೂರಾಗ ನಮಗ ಮೊದಲ ಅನ್ನ ಹಾಕಿದಾಕಿ. ಕೆಲಸಕ್ಕ ಹೋದಾಗ ಹೆಸರು ಕೇಳಿದ್ರು. ನನಗ ಗೊತ್ತಿದ್ದ ಕನ್ನಡದ ಹೆಸರು ಅದೊಂದ.”

ಶರ್ವರಿ ಪೆನ್ನು ಹಿಡಿದು ಕಾಯುತ್ತಿದ್ದರು. ರೇಣುಕಾ ಅವ್ವನ ಕೈ ಹಿಡಿದಳು. “ಇನ್ನೊಮ್ಮೆ ಹೇಳವ್ವಾ. ನಾನೂ ಸರಿಯಾಗಿ ಕೇಳಬೇಕು.”

“ಮಾಲತಿ” ಎಂದಳು ಅವ್ವ. ಈ ಸಲ ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಹೇಳಲಾಗದ ಒಂದು ಊರು ಇರಬಹುದು. ಹಿರಿಯರನ್ನು ಪ್ರೀತಿಯಿಂದ ಕೇಳಿ. ಅಂಜಿಕೆಯಿಂದ ಸುಳ್ಳು ಕಾಗದ ಮಾಡಿಸಬೇಡಿ, ಏಜೆಂಟರ ಕೈಗೆ ಫೋಟೋ, ಹೆಬ್ಬೆಟ್ಟು ಕೊಡಬೇಡಿ. ನಿಮ್ಮ ಹತ್ತಿರದ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಒಬ್ಬರೇ ಹೋಗಲು ಹೆದರಿಕೆಯಾದರೆ ಮನೆಯವರೆಲ್ಲ ಕೂಡಿ ಹೋಗಿ. ನಿಜ ಹೇಳುವಾಗ ಪಕ್ಕದಲ್ಲಿ ಕೈ ಹಿಡಿಯಲು ಒಬ್ಬರಿರಲಿ.